ಪುಂಡಿ, ಸುಣ್ಣ, ಸವಳು ಮಣ್ಣು: ಗುರುಗುಂಟಾದ ಮಾಳಿಗೆ ಮನೆ

ಲಿಂಗಸುಗೂರಿನಿಂದ ತಿಂಥಣಿ ಸೇತುವೆ ಕಡೆಗೆ ಹೊರಟರೆ ದಾರಿಯಲ್ಲಿ ಗುರುಗುಂಟಾ ಸಿಗುತ್ತದೆ. ಒಂದು ಕಾಲಕ್ಕೆ ನಾಯಕ ಅರಸರ ಪುಟ್ಟ ಸಂಸ್ಥಾನ, ನಿಜಾಮರಿಗೆ ಕಪ್ಪ ಕೊಡುತ್ತಿದ್ದ ಊರು. ಒಂದು ಮಗ್ಗುಲಿಗೆ ಅಮರೇಶ್ವರ ಕ್ಷೇತ್ರ, ಇನ್ನೊಂದು ಮಗ್ಗುಲಿಗೆ ಹಟ್ಟಿಯ ಚಿನ್ನದ ಗಣಿ, ಉತ್ತರಕ್ಕೆ ಕೃಷ್ಣೆ. ಏಪ್ರಿಲ್, ಮೇ ತಿಂಗಳಲ್ಲಿ ಈ ಸೀಮೆಯ ಬಿಸಿಲು 42 ಡಿಗ್ರಿ ದಾಟುವುದು ಯಾರಿಗೂ ಸುದ್ದಿಯೇ ಅಲ್ಲ.

ಅಂಥ ಒಂದು ಮಧ್ಯಾಹ್ನ ಹಳೆಯ ಓಣಿಯ ಮಾಳಿಗೆ ಮನೆಯೊಂದರ ಪಡಸಾಲೆಗೆ ಕಾಲಿಟ್ಟು ನೋಡಬೇಕು. ಹೊಸ್ತಿಲು ದಾಟಿದ ಕೂಡಲೇ ಕಣ್ಣು ಕತ್ತಲಿಟ್ಟಂತಾಗುತ್ತದೆ. ಆಮೇಲೆ ಒಂದೊಂದಾಗಿ ಕಾಣತೊಡಗುತ್ತವೆ: ಎಣ್ಣೆ ಹಿಡಿದು ಕಪ್ಪಾದ ಕಂಬ, ಅದರ ತಲೆಯ ಮೇಲೆ ಬೋದಿಗೆ, ತೊಲೆ, ಸಾಲು ಜಂತಿ. ಮಾಳಿಗೆಯ ಬೆಳಕಿಂಡಿಯಿಂದ ನೆಲಕ್ಕೆ ಬಿದ್ದ ಅಂಗೈಯಗಲದ ಬಿಸಿಲು ಹೊತ್ತು ಸರಿದಂತೆ ಗೋಡೆ ಹತ್ತುತ್ತದೆ. ಗೋಡೆಗೆ ಕೈಯಿಟ್ಟರೆ ತಣ್ಣಗಿರುತ್ತದೆ. ಮೊಳಕ್ಕೂ ಮಿಕ್ಕಿದ ದಪ್ಪದ ಕಲ್ಲು-ಮಣ್ಣಿನ ಗೋಡೆ ಅದು. ಹಗಲಿನ ಕಾವು ಒಳಮೈ ಮುಟ್ಟುವ ಹೊತ್ತಿಗೆ ಹೊರಗೆ ಸಂಜೆಯಾಗಿರುತ್ತದೆ. ಪಕ್ಕದ ಸ್ಲ್ಯಾಬಿನ ಮನೆಯವರು ಅದೇ ಸಂಜೆ ಹಾಸಿಗೆ ಎತ್ತಿಕೊಂಡು ಅಂಗಳಕ್ಕೆ ಬರುತ್ತಾರೆ, ಒಳಗೆ ಫ್ಯಾನು ಬಿಸಿಗಾಳಿಯನ್ನೇ ತಿರುವುತ್ತಿರುತ್ತದೆ.

ಈ ಮಾಳಿಗೆಯ ಜಾಣತನ ನನಗೆ ಎಷ್ಟು ಸಲ ನೋಡಿದರೂ ಬೆರಗು. ಜಂತಿಯ ಮೇಲೆ ಕಟ್ಟಿಗೆಯ ಸೀಳು, ಅದರ ಮೇಲೆ ಬೇವಿನ ಇಲ್ಲವೇ ಬಂದರಿಕೆಯ ಸೊಪ್ಪು, ಅದರ ಮೇಲೆ ದಪ್ಪನೆ ಮಣ್ಣು. ಎಲ್ಲಕ್ಕೂ ಮೇಲೆ ಸವಳು ಮಣ್ಣಿನ ಒಂದು ಪದರು. ಬೆಳೆಗೆ ಬಾರದ ಈ ಉಪ್ಪು ಮಣ್ಣೇ ಮನೆ ಕಾಯುತ್ತದೆ. ಮೊದಲ ಹನಿ ಬಿದ್ದಾಗ ಅದು ಕರಗಿ ಕೆನೆಯಂತೆ ಹರಡಿ ಸಂದುಗಳನ್ನು ಮುಚ್ಚಿಬಿಡುತ್ತದೆ. ಹಿಂದೆ ಬರುವ ನೀರು ಮೇಲೆಯೇ ಜಾರಿ ದೋಣಿಯಲ್ಲಿ ಧುಮುಕುತ್ತದೆ. ಗೋಡೆಗೆ ಮೆತ್ತುವ ಮಣ್ಣಿಗೆ ಹೊಟ್ಟು ಬೆರೆಸಿ, ನೀರು ಹಾಕಿ ದಿನಗಟ್ಟಲೆ ಕೊಳೆಯಲು ಬಿಟ್ಟು, ಕಾಲಲ್ಲಿ ತುಳಿದು ಹದಮಾಡುತ್ತಿದ್ದರು. ಒಣಗುವಾಗ ಬಿರುಕು ಬಿಡದಂತೆ ಮಣ್ಣನ್ನು ಆ ಹೊಟ್ಟು ಹಿಡಿದುಕೊಳ್ಳುತ್ತದೆ.

ಗಿಡದ ನಾರನ್ನೂ ಮಣ್ಣು-ಸುಣ್ಣವನ್ನೂ ಕೂಡಿಸುವ ಈ ವಿದ್ಯೆಗೇ ಈಗ ಜಗತ್ತು ಹೆಂಪ್‌ಕ್ರೀಟ್ ಎಂಬ ಹೆಸರಿಟ್ಟು ಮರಳಿ ಬಂದಿದೆ. ಗಾಂಜಾ ಜಾತಿಯ ನಾರುಗಿಡದ ದಂಟಿನ ತಿರುಳನ್ನು ಚೂರು ಮಾಡಿ ಸುಣ್ಣದೊಡನೆ ಕಲಸಿ ಗೋಡೆ ತುಂಬುತ್ತಾರೆ. ಭಾರ ಹೊರುವುದು ಮರದ ಚೌಕಟ್ಟು, ಕಾವು ತಡೆಯುವುದು ಈ ಗೋಡೆ. ಸುಣ್ಣ ಗಟ್ಟಿಯಾಗುತ್ತ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಮರಳಿ ಹೀರುತ್ತದೆ. ಇದೂ ಪರದೇಶದ್ದು ಎನ್ನುವಂತಿಲ್ಲ. ಎಲ್ಲೋರಾ ಗುಹೆಗಳ ಗಿಲಾವಿನಲ್ಲಿ ಇದೇ ಗಿಡದ ನಾರು ಸಿಕ್ಕಿದ್ದನ್ನು ರಾಜದೇವ್ ಸಿಂಗ್ ಮತ್ತು ಮಿಲಿಂದ್ ಸರದೇಸಾಯಿ 2016ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಸಾವಿರ ವರ್ಷ ಕಳೆದರೂ ಆ ಗಿಲಾವಿಗೆ ಹುಳು ಹತ್ತಿರಲಿಲ್ಲ. ಉತ್ತರಾಖಂಡದ ಪೌಡಿ ಗಢವಾಲದಲ್ಲಿ ಹೆಂಪ್‌ಕ್ರೀಟ್ ಮನೆ ಎದ್ದು ನಿಂತಿದೆ. 1985ರ ಮಾದಕವಸ್ತು ಕಾಯ್ದೆಯ ಪ್ರಕಾರ ಈ ಬೆಳೆಗೆ ಸರ್ಕಾರದ ಪರವಾನಗಿ ಬೇಕು.

ಗುರುಗುಂಟಾದ ರೈತರಿಗೆ ಆ ಗಿಡ ಬೇಕಾಗಿಯೂ ಇಲ್ಲ, ಅವರ ಹೊಲದಲ್ಲಿ ಪುಂಡಿ ಇದೆ. ಜೋಳದ ರೊಟ್ಟಿಗೆ ನಂಚಿಕೊಳ್ಳುವ ಹುಳಿ ಹುಳಿ ಪುಂಡಿ ಪಲ್ಯದ್ದೇ ಗಿಡ. ಸಸ್ಯಶಾಸ್ತ್ರ ಅದನ್ನು ಹಿಬಿಸ್ಕಸ್ ಕ್ಯಾನಬಿನಸ್ ಎನ್ನುತ್ತದೆ. ಇಂಗ್ಲಿಷರು ಡೆಕ್ಕನ್ ಹೆಂಪ್ ಎಂದೇ ಕರೆದರು. ದಾಸವಾಳದ ಕುಲದ್ದು, ಅಮಲಿಗೂ ಅದಕ್ಕೂ ನಂಟಿಲ್ಲ. ಎಲೆ ಅಡುಗೆಗೆ, ಬಲಿತ ದಂಟನ್ನು ಕಟ್ಟು ಕಟ್ಟಿ ನೀರಲ್ಲಿ ನೆನೆಹಾಕಿ, ಕೊಳೆತ ಮೇಲೆ ಸುಲಿದರೆ ನಾರು. ಎತ್ತಿನ ಕಣ್ಣಿಯಿಂದ ಬಾವಿಯ ಹಗ್ಗದವರೆಗೆ ಎಲ್ಲವನ್ನೂ ಇದರಲ್ಲಿ ಹೊಸೆಯುತ್ತಿದ್ದರು. ನಾರು ಸುಲಿದು ಉಳಿದ ಬಿಳಿ ಕಡ್ಡಿ ಒಲೆಗೆ ಹೋಗುತ್ತಿತ್ತು. ಈ ಕಡ್ಡಿಯ ತಿರುಳನ್ನೂ ಸುಣ್ಣದಲ್ಲಿ ಕಲಸಿ ಗೋಡೆ ಮಾಡುವ ಪ್ರಯೋಗಗಳು ಬೇರೆ ದೇಶಗಳಲ್ಲಿ ನಡೆದಿವೆ. ನೈಲಾನ್ ಹಗ್ಗ ಬಂದು ಪುಂಡಿ ಬರೀ ಪಲ್ಯಕ್ಕೆ ಉಳಿದ ನಮ್ಮ ಸೀಮೆಯಲ್ಲೇ ಅಂಥದೊಂದು ಗೋಡೆ ಏಳಬೇಕೆಂಬುದು ನನ್ನ ಆಸೆ.

ಮಣ್ಣಿನ ಮನೆಯನ್ನು ಹೊಗಳುವವರು 2009ನ್ನು ಮರೆಯಬಾರದು. ಆ ವರ್ಷ ಸೆಪ್ಟೆಂಬರ್ ಕೊನೆಗೆ ಹಿಡಿದ ಮಳೆ ಬಿಡಲೇ ಇಲ್ಲ. ಉತ್ತರ ಕರ್ನಾಟಕದ ಉದ್ದಗಲಕ್ಕೂ ಗೋಡೆಗಳು ಕುಸಿದವು, ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಸರ್ಕಾರ ‘ಆಸರೆ’ ಹೆಸರಿನಲ್ಲಿ ಮನೆ ಕಟ್ಟಿಸಿತು. ಅಂದು ಮಣ್ಣಿನ ಮಾಳಿಗೆಯ ಕೆಳಗೆ ಮಲಗಲು ಹೆದರಿದ ತಾಯಿಗೆ ತಂಪಿನ ಮಾತು ಹೇಳುವ ಧೈರ್ಯ ನನಗಿಲ್ಲ. ಅಡಿಪಾಯಕ್ಕೆ ನೀರು ನುಗ್ಗಿದರೆ ಮಣ್ಣಿನ ಗೋಡೆ ನಿಲ್ಲದು. ಜಂತಿಗೆ ಗೆದ್ದಲು ಹತ್ತಿದರೆ ಮಾಳಿಗೆ ನಿಲ್ಲದು.

ಗೆದ್ದಲು ಹತ್ತಿದ್ದು ಗೊತ್ತಾಗಬೇಕಾದರೆ ಮಾಳಿಗೆ ಹತ್ತುವವರು ಬೇಕು. ಪ್ರತಿವರ್ಷ ರೋಹಿಣಿ ಮಳೆಗೆ ಮುಂಚೆ ಸವಳು ಮಣ್ಣು ಹೇರಿಕೊಂಡು ಬಂಡಿ ಬರುತ್ತಿತ್ತು. ಇವತ್ತು ನಮ್ಮ ಮನೆಗೆ ನೀವು, ನಾಳೆ ನಿಮ್ಮ ಮನೆಗೆ ನಾವು ಎಂದು ಓಣಿಯವರೇ ಬುಟ್ಟಿ ಹೊರುತ್ತಿದ್ದರು. ಹುಲ್ಲು ಕಿತ್ತು, ಇಲಿಯ ಬಿಲ ಮುಚ್ಚಿ, ಮೆತ್ತಗಾದ ಜಂತಿ ಬದಲಿಸುತ್ತಿದ್ದರು. ಹರೆಯದವರು ಬೆಂಗಳೂರಿಗೆ ದುಡಿಯಲು ಹೋದ ಮೇಲೆ ಆ ಬುಟ್ಟಿ ಎತ್ತುವವರಿಲ್ಲ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಲೆಕ್ಕದಲ್ಲಿ ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ ಎಂದರೆ ‘ಕಚ್ಚಾ’. ಅದನ್ನು ಬಿಟ್ಟು ಬೇರೆ ಕಟ್ಟಲು ದುಡ್ಡಿದೆ, ಉಳಿಸಿಕೊಳ್ಳಲು ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಆರಂಭಿಸಿದ ಗ್ರಾಮೀಣ ತಂತ್ರಜ್ಞಾನ ಕೇಂದ್ರ ‘ಅಸ್ತ್ರ’ದಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು, ತುಸು ಸಿಮೆಂಟು ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಯಿಂದ ಮಳೆಗೂ ಜಗ್ಗದ ಗೋಡೆ ಕಟ್ಟಬಹುದೆಂದು ತೋರಿಸಿಕೊಟ್ಟರು. ಆ ಇಟ್ಟಿಗೆ ನಗರದ ಉಳ್ಳವರ ಮನೆಗಳಿಗೆ ಹೋಯಿತು. ಅದು ಇಲ್ಲಿಗೂ ಬರಬೇಕಿತ್ತು.

ಹಳೆಯ ಓಣಿಯಲ್ಲಿ ಈಗಲೂ ಮಳೆ ಹನಿಯತೊಡಗಿದರೆ ಯಾರಾದರೊಬ್ಬರು ಮಾಳಿಗೆ ಹತ್ತಿ, ಬೆಳಕಿಂಡಿಯ ಮೇಲೆ ಗಡಿಗೆ ಬೋರಲು ಹಾಕಿ, ಹಾಗೇ ಒಂದು ಸುತ್ತು ಬರಿಗಾಲಲ್ಲಿ ನಡೆದು ಎಲ್ಲಿ ಮಣ್ಣು ಮೆತ್ತಗಾಗಿದೆ ಎಂದು ನೋಡಿ ಇಳಿಯುತ್ತಾರೆ.