ವಾಕಬಲ್ ಅಂತೀರಲ್ಲ, ನಡೆದು ಹೋಗೋದು ಎಲ್ಲಿಗೆ?

'ವಾಕಬಲ್ ಕಮ್ಯುನಿಟಿ' ಅನ್ನೋ ಬಿಲ್ಡರ್ ಜಾಹೀರಾತು ಕಂಡಾಗೆಲ್ಲ ನಾನು ಕೇಳೋದು ಒಂದೇ: ನಡೆದು ಹೋಗೋದು ಎಲ್ಲಿಗೆ?

ನಗರ ಯೋಜಕರ ಹಳೇ ಲೆಕ್ಕ ಸರಳ: ಅಂಗಡಿ, ಶಾಲೆ, ಪಾರ್ಕು, ಬಸ್‌ಸ್ಟಾಪು ಐದು ನಿಮಿಷದ, ಅಂದರೆ ಸುಮಾರು 400 ಮೀಟರ್ ನಡಿಗೆಯೊಳಗೆ ಸಿಗಬೇಕು. 1948ರಲ್ಲಿ ಅಡಿಗಲ್ಲು ಬಿದ್ದ ಬೆಂಗಳೂರಿನ ಜಯನಗರ ಇದಕ್ಕೆ ಹತ್ತಿರ ಬಂದಿತ್ತು: ಬ್ಲಾಕುಗಳಲ್ಲಿ ಪಾರ್ಕು, ಮೈದಾನ, ನಾಲ್ಕನೇ ಬ್ಲಾಕಲ್ಲಿ ಮಾರುಕಟ್ಟೆ, ಬಸ್ ನಿಲ್ದಾಣ. ಆ ರಸ್ತೆಗಳು ಸಾರ್ವಜನಿಕ. ಹೂ ಮಾರುವವರು, ಮನೆಗೆಲಸದವರು ಯಾರಿಗೂ ಐಡಿ ತೋರಿಸಬೇಕಿಲ್ಲ.

ಗೇಟೆಡ್ ಕಮ್ಯುನಿಟಿಯ ಜಾಗಿಂಗ್ ಟ್ರ್ಯಾಕು ಸುತ್ತಿ ಬಂದು ಹೊರಟಲ್ಲೇ ಮುಗಿಯುತ್ತೆ. ಹಾಲಿಗೂ ಆ್ಯಪ್, ಶಾಲೆಗೂ ವ್ಯಾನು. ಗೇಟಿನಾಚೆ ಎಷ್ಟೋ ಕಡೆ ಫುಟ್‌ಪಾತೇ ಇಲ್ಲ.

ಮೇಂಟೆನೆನ್ಸ್ ಕಟ್ಟಿ ಕೊಳ್ಳೋ ನಡಿಗೆಯನ್ನ ನಮ್ಮ ತೆರಿಗೆ ಎಲ್ಲರಿಗೂ ಕೊಡಬೇಕಿತ್ತು. ವೋಟು ಕೇಳೋಕೆ ಬಂದವರನ್ನ ಗೇಟಿನಾಚೆ ನೂರು ಹೆಜ್ಜೆ ನಡೆಸಿ, ಆಮೇಲೆ ಮಾತಾಡಿ.