ಕೋಳಿಗೆ ಉಸಿರಾಟದ ತೊಂದರೆಯಾದರೆ

ಕೋಳಿಯ ಉಸಿರಾಟದ ಕಾಯಿಲೆ ಹಗಲು ಕಣ್ಣಿಗೆ ಬೀಳುವುದಕ್ಕಿಂತ ರಾತ್ರಿ ಕಿವಿಗೆ ಬೀಳುವುದೇ ಬೇಗ. ಹಗಲೆಲ್ಲ ಅದು ಕೆದಕುತ್ತ, ಮೇಯುತ್ತ ಚೆನ್ನಾಗಿರುವಂತೆಯೇ ತೋರಿಸಿಕೊಳ್ಳುತ್ತದೆ. ಗೂಡು ಸೇರಿ ಸುಮ್ಮನಾದ ಮೇಲೆ ಹೋಗಿ ಕಿವಿಗೊಡಿ. ಗೊರಗೊರ ಸದ್ದು, ಸೀಟಿಯಂಥ ಉಸಿರು, ಮೇಲಿಂದ ಮೇಲೆ ಸೀನು ಕೇಳಿದರೆ ಬೆಳಿಗ್ಗೆ ಹಿಡಿದು ಮೂಗು, ಕಣ್ಣು, ಜುಟ್ಟು ನೋಡಬೇಕು. ಹಿಡಿಯುವಾಗ ಎದೆ ಬಿಗಿಯಬೇಡಿ. ಕೋಳಿಗೆ ನಮ್ಮಂತೆ ವಪೆ ಇಲ್ಲ. ಎದೆಗೂಡು ಹಿಗ್ಗಿ ಕುಗ್ಗಿದರೆ ಮಾತ್ರ ಅದರ ಒಂಬತ್ತು ಗಾಳಿಚೀಲಗಳಿಗೆ ಗಾಳಿ ಆಡುತ್ತದೆ. ಬಿಗಿ ಹಿಡಿದರೆ ಕೈಯಲ್ಲೇ ಉಸಿರುಗಟ್ಟುತ್ತದೆ.

ಮೇ ತಿಂಗಳ ಮಧ್ಯಾಹ್ನ ಬೀದರ್ ಜಿಲ್ಲೆಯ ಔರಾದ್, ಭಾಲ್ಕಿ ಕಡೆ ಕೋಳಿಗಳೆಲ್ಲ ಬಾಯಿ ತೆರೆದು ರೆಕ್ಕೆ ಅಗಲಿಸಿ ನಿಂತಿದ್ದರೆ ಅದು ಸೆಕೆ. ಬೆವರದ ಹಕ್ಕಿ ಮೈ ತಂಪು ಮಾಡಿಕೊಳ್ಳುವುದು ಹಾಗೆಯೇ. ನೆರಳು, ತಣ್ಣೀರು ಸಾಕು. ಡಿಸೆಂಬರಿನ ಚಳಿಯಲ್ಲಿ ಒಂದೇ ಕೋಳಿ ಬಾಯಿ ತೆರೆದರೆ ಅದು ಕಾಯಿಲೆ.

ಯಾವ ಕಾಯಿಲೆ? ಕಣ್ಣಲ್ಲಿ ನೊರೆ, ವಾರಗಟ್ಟಲೆ ಎಳೆಯುವ ನೆಗಡಿಯಿದ್ದರೆ ಸಾಮಾನ್ಯವಾಗಿ ಮೈಕೋಪ್ಲಾಸ್ಮಾ. ಇದು ತತ್ತಿಯ ಮೂಲಕ ಮರಿಗೂ ದಾಟುತ್ತದೆ. ವಾಸಿಯಾದ ಕೋಳಿಯೂ ರೋಗ ಹೊತ್ತುಕೊಂಡೇ ತಿರುಗುತ್ತದೆ. ಮುಖ ಊದಿ, ಮೂಗಿನ ಸಿಂಬಳ ನಾರಿದರೆ ಕೊರೈಜಾ. ಹಸಿರು ಹಿಕ್ಕೆ, ಕತ್ತು ತಿರುಚುವುದು, ಒಂದರ ಹಿಂದೆ ಒಂದು ಸಾವು ಕಂಡರೆ ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಎಂದು ಅನುಮಾನಿಸಬೇಕು. ಬೂಸಲು ಹಿಡಿದ ಹೊಟ್ಟಿನ ಮೇಲೆ ಮಲಗಿದ ಮರಿಗಳು ಸದ್ದಿಲ್ಲದೆ ಏದುಸಿರು ಬಿಡುತ್ತವೆ. ಅದು ಶಿಲೀಂಧ್ರದ ಕೆಲಸ. ಲಕ್ಷಣಗಳು ಒಂದರೊಳಗೊಂದು ಬೆರೆಯುವುದರಿಂದ ಕಣ್ಣಂದಾಜಿನಲ್ಲಿ ಔಷಧಿ ತರುವುದು ಬೇಡ.

ಮೊದಲು ಆ ಕೋಳಿಯನ್ನು ಬೇರೆ ಕಡೆ ಇಡಿ. ಅದರ ನೀರಿನ ಬಟ್ಟಲೂ ಬೇರೆ ಇರಲಿ. ಚೆನ್ನಾಗಿರುವ ಕೋಳಿಗಳನ್ನು ನೋಡಿಕೊಂಡ ಮೇಲೆಯೇ ಇದರ ಹತ್ತಿರ ಹೋಗಿ. ಚಳಿಗೆಂದು ಗೋಣಿಚೀಲ ಸುತ್ತಿ ಗೂಡನ್ನು ಪೂರ್ತಿ ಮುಚ್ಚುವುದು ನಮ್ಮಲ್ಲಿ ವಾಡಿಕೆ. ಒಳಗೆ ಹಿಕ್ಕೆಯ ಅಮೋನಿಯಾ ತುಂಬಿ ಶ್ವಾಸನಾಳ ಸುಡುತ್ತದೆ. ಕೋಳಿ ಕೂರುವ ಮಟ್ಟಕ್ಕೆ ಮರೆಮಾಡಿ, ಮೇಲೆ ಗಾಳಿಗೆ ಜಾಗ ಬಿಡಿ. ಬಾಯಿಗೆ ಎಣ್ಣೆ, ಕಷಾಯ ಹೊಯ್ಯುವುದಂತೂ ಅಪಾಯ. ಶ್ವಾಸನಾಳದ ಬಾಯಿ ನಾಲಿಗೆಯ ಹಿಂದೆಯೇ ಇದೆ, ಹೊಯ್ದದ್ದು ನೇರ ಅದಕ್ಕೇ ಇಳಿಯಬಹುದು.

ಮೈಕೋಪ್ಲಾಸ್ಮಾ, ಕೊರೈಜಾಕ್ಕೆ ವೈದ್ಯರು ಆಂಟಿಬಯೋಟಿಕ್ ಬರೆಯುತ್ತಾರೆ. ಅವರು ಹೇಳಿದಷ್ಟು ದಿನ ಪೂರ್ತಿ ಕೊಡಬೇಕು. ಎಷ್ಟು ದಿನ ತತ್ತಿ, ಮಾಂಸ ತಿನ್ನಬಾರದೆಂದೂ ಕೇಳಿಕೊಳ್ಳಬೇಕು. ಕೊಕ್ಕರೆ ರೋಗ ವೈರಸ್‌ನದು, ಔಷಧಿಯಿಲ್ಲ, ಲಸಿಕೆಯೊಂದೇ ದಾರಿ. ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಲಸೋಟಾ ಹನಿ, ಎಂಟನೇ ವಾರದ ಹೊತ್ತಿಗೆ ಆರ್‌2ಬಿ ಚುಚ್ಚುಮದ್ದು. ಒಂದು ಬಾಟಲಿಯಲ್ಲಿ ನೂರಾರು ಕೋಳಿಗೆ ಆಗುವಷ್ಟಿರುತ್ತದೆ, ಕಲಸಿದ ಮೇಲೆ ಒಂದೆರಡು ತಾಸಿನಲ್ಲಿ ಮುಗಿಸಬೇಕು. ನಾಲ್ಕೇ ಜವಾರಿ ಕೋಳಿ ಇದ್ದವರು ಓಣಿಯವರನ್ನೆಲ್ಲ ಸೇರಿಸಿಕೊಂಡು ದನದ ದವಾಖಾನೆಯಲ್ಲಿ ದಿನ ಗೊತ್ತುಮಾಡಿಕೊಳ್ಳುವುದೇ ಜಾಣತನ.

2025ರ ಜನವರಿಯಲ್ಲಿ ಗಡಿಯಾಚೆ ಮಹಾರಾಷ್ಟ್ರದ ಉದಗೀರ್‌ನಲ್ಲಿ ಕಾಗೆಗಳು ಸತ್ತು ಬಿದ್ದಾಗ ಭೋಪಾಲದ ಪ್ರಯೋಗಾಲಯ ಅದು ಹಕ್ಕಿಜ್ವರವೆಂದು ಖಚಿತಪಡಿಸಿತು. ಭಾಲ್ಕಿ, ಔರಾದ್‌ಗೆ ಉದಗೀರ್ ದೂರವೇನಲ್ಲ. ಹಲವು ಕೋಳಿಗಳು ಒಮ್ಮೆಲೇ ಸತ್ತರೆ, ತಲೆ ಊದಿ ಜುಟ್ಟು ನೀಲಿಗಟ್ಟಿದ್ದರೆ ಕೊಯ್ಯಬೇಡಿ, ಪುಕ್ಕ ಕೀಳಬೇಡಿ, ಉಳಿದವನ್ನು ಸಂತೆಗೆ ಒಯ್ದು ಮಾರಬೇಡಿ. ಬರಿಗೈಯಲ್ಲಿ ಮುಟ್ಟದೆ ಹತ್ತಿರದ ಪಶುವೈದ್ಯರಿಗೆ ತಿಳಿಸಿ, ಸಹಾಯವಾಣಿ 1962.