ಸೈನಿಕನ ಮನಸ್ಸಿಗೆ ಕಾಯಿಲೆ ಬಂದರೆ

ಯುದ್ಧದಲ್ಲಿ ಕಾಲು ಕಳೆದುಕೊಂಡ ಸೈನಿಕನಿಗೆ ಪಿಂಚಣಿ ಸಿಗುತ್ತದೆ ಎಂದು ನಮಗೆಲ್ಲ ಗೊತ್ತು. ಮನಸ್ಸಿನ ಕಾಯಿಲೆ ಬಂದು ಆಸ್ಪತ್ರೆ ಸೇರಿದವನಿಗೆ? ನಮ್ಮದು ಉರ್ದು ಮಾತನಾಡುವ ಮನೆ. ಅಂಥ ಆಸ್ಪತ್ರೆಗೆ ಹಿರಿಯರು ಇಂದಿಗೂ 'ಪಾಗಲ್‌ಖಾನಾ' ಎನ್ನುತ್ತಾರೆ. ಅವರನ್ನು ದೂರುವಂತಿಲ್ಲ, 1912ರ ಕಾನೂನಿನ ಹೆಸರಿನಲ್ಲೇ ಹುಚ್ಚು ಎಂಬ ಅರ್ಥದ ಪದವಿತ್ತು. ಈಗಿರುವ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುವುದೇ ಬೇರೆ: ಚಿಕಿತ್ಸೆಯಲ್ಲಿ ದೇಹದ ಕಾಯಿಲೆಗೂ ಮನಸ್ಸಿನ ಕಾಯಿಲೆಗೂ ಭೇದ ಮಾಡಬಾರದು.

ಸೈನ್ಯದಲ್ಲಿ ಆರೋಗ್ಯವನ್ನು 'ಶೇಪ್' ಎಂಬ ಪದದ ಐದು ಇಂಗ್ಲಿಷ್ ಅಕ್ಷರಗಳಲ್ಲಿ ಗುರುತಿಸುತ್ತಾರೆ. ಮೊದಲ ಅಕ್ಷರ 'ಎಸ್' ಮನಸ್ಸಿಗೆ. ಉಳಿದವು ಕಿವಿ, ಕೈಕಾಲು, ದೇಹಬಲ, ಕಣ್ಣಿಗೆ. ಮಿಲಿಟರಿ ಆಸ್ಪತ್ರೆಯ ಮನೋವೈದ್ಯರು ಸೈನಿಕನನ್ನು ಪರೀಕ್ಷಿಸುವಾಗ ಅವನ ನಡವಳಿಕೆಯ ಬಗ್ಗೆ ಮೇಲಧಿಕಾರಿಯ ವರದಿಯನ್ನೂ ನೋಡುತ್ತಾರೆ. ಸೇವೆಯಿಂದ ಬಿಡಿಸುವುದಾದರೆ ಮೆಡಿಕಲ್ ಬೋರ್ಡ್ ಒಂದು ಮಾತು ಬರೆಯಬೇಕು: ಈ ಕಾಯಿಲೆ ಸೇವೆಯಿಂದ ಬಂದದ್ದೇ, ಸೇವೆಯಿಂದ ಹೆಚ್ಚಾದದ್ದೇ, ಅಥವಾ ಎರಡೂ ಅಲ್ಲವೇ? ಅಂಗವೈಕಲ್ಯ ಪಿಂಚಣಿ ನಿಂತಿರುವುದು ಆ ಒಂದು ಸಾಲಿನ ಮೇಲೆ.

ಸಿಗ್ನಲ್ಸ್ ದಳದ ಒಬ್ಬ ಸೈನಿಕನ ವಿಷಯ ನೋಡಿ. 1972ರಲ್ಲಿ ಸೇರಿದವರನ್ನು 1977ರಲ್ಲಿ ಸ್ಕಿಜೋಫ್ರೇನಿಯಾ ಎಂದು ಮನೆಗೆ ಕಳಿಸಿದರು. ಕಾಯಿಲೆಗೂ ಸೇವೆಗೂ ಸಂಬಂಧವಿಲ್ಲ ಎಂದು ಪಿಂಚಣಿ ಕೊಡಲಿಲ್ಲ. ಸಶಸ್ತ್ರ ಪಡೆಗಳ ನ್ಯಾಯಮಂಡಳಿಯೂ ಅವರ ಅರ್ಜಿಯನ್ನು ಒಪ್ಪಲಿಲ್ಲ. 2013ರಲ್ಲಿ ಸುಪ್ರೀಂ ಕೋರ್ಟ್ ಕೇಳಿದ್ದು ಸರಳ ಪ್ರಶ್ನೆ: ಬೋರ್ಡ್ ತನ್ನ ತೀರ್ಮಾನಕ್ಕೆ ಕಾರಣ ಎಲ್ಲಿ ಬರೆದಿದೆ? ಕಾರಣವಿಲ್ಲದ ವರದಿಯನ್ನು ಕಣ್ಣುಮುಚ್ಚಿ ಒಪ್ಪಲಾಗದು ಎಂದು, ಅವರನ್ನು ಮತ್ತೆ ಪರೀಕ್ಷಿಸಲು ಹೇಳಿತು. ಅಷ್ಟರಲ್ಲಿ 36 ವರ್ಷ ಕಳೆದಿತ್ತು. ನನ್ನ ವಯಸ್ಸಿನ ಎರಡು ಪಟ್ಟಿಗಿಂತ ಹೆಚ್ಚು!

ಅದೇ ವರ್ಷ ಇನ್ನೊಬ್ಬ ಸೈನಿಕನ ಪ್ರಕರಣದಲ್ಲಿ ಕೋರ್ಟ್ ಮತ್ತೊಂದು ಮುಖ್ಯ ಮಾತು ಹೇಳಿತು. ಇದು ಕಾಮರ್ಸ್‌ನವರಿಗೆ ಬೇಗ ಅರ್ಥವಾಗುತ್ತದೆ. ಭರ್ತಿಯ ದಿನದ ವೈದ್ಯಕೀಯ ದಾಖಲೆ ಓಪನಿಂಗ್ ಬ್ಯಾಲೆನ್ಸ್ ಇದ್ದ ಹಾಗೆ. ಅದರಲ್ಲಿ ಕಾಯಿಲೆ ಬರೆದಿಲ್ಲದಿದ್ದರೆ, ಸೇರುವಾಗ ಆತ ಆರೋಗ್ಯವಾಗಿದ್ದ ಎಂದೇ ತಿಳಿಯಬೇಕು. ಆಮೇಲೆ ಕಾಯಿಲೆಯಿಂದ ಹೊರಬಿದ್ದರೆ ಅದು ಸೇವೆಯಲ್ಲಿ ಬಂದದ್ದು. ಅಲ್ಲ ಎನ್ನುವುದಾದರೆ ಸರ್ಕಾರವೇ ಸಾಬೀತು ಮಾಡಬೇಕು. ಸಂಶಯವಿದ್ದರೆ ಅದರ ಲಾಭ ಸೈನಿಕನಿಗೆ.

ಆದರೆ ಕಾಗದವೇ ಕೈಯಲ್ಲಿ ಇಲ್ಲದಿದ್ದರೆ ಇಷ್ಟೆಲ್ಲ ವಾದಿಸುವುದು ಕಷ್ಟ. ನಿಮ್ಮ ಮನೆಯಲ್ಲೋ ಮೊಹಲ್ಲಾದಲ್ಲೋ ಹೀಗೆ ಸೇವೆ ಬಿಟ್ಟು ಬಂದವರಿದ್ದರೆ, ಆಸ್ಪತ್ರೆಯ ಚೀಟಿ, ಬೋರ್ಡಿನ ವರದಿ ಹಳೇ ಟ್ರಂಕಿನಲ್ಲಿ ಇವೆಯೇ ಎಂದು ಒಮ್ಮೆ ಕೇಳಿ. ಇದ್ದರೆ, ಅದರಲ್ಲಿ ಕಾರಣ ಬರೆದಿದ್ದಾರೆಯೇ ಎಂದು ಓದಿ ನೋಡಿ.